ಕುಡುಕ ಎಂದವರು ಯಾರು?

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಹೆಸರೆತ್ತಿದರೆ ಸಾಕು, ಕುಡುಕ, ಹೆಣ್ಣುಬಾಕ, ಕೊಲೆಗಡುಕ ಅಂತ ಮೂರು ಮಾತು ಹಿಂದೆಯೇ ಬರುತ್ತವೆ. 1956ರಲ್ಲಿ ಬಂದ ಮಾಸ್ತಿಯವರ ಕಾದಂಬರಿಯಲ್ಲೂ ಅವನು ಕುಡಿತದಲ್ಲಿ ಮುಳುಗಿದವನೇ. ಅವನ ಪರವಾಗಿ ನಾವು ವಕಾಲತ್ತು ಹಾಕುತ್ತಿಲ್ಲ. ಪಟ್ಟಕ್ಕಾಗಿ ಸ್ವಂತ ರಕ್ತದವರನ್ನೇ ಕೊಲ್ಲಿಸಿದ ಅರಸ ಅವನು. ನಮ್ಮ ಪ್ರಶ್ನೆ ಬೇರೆ: ಈ ಮಾತುಗಳು ಯಾರ ಕೆಲಸಕ್ಕೆ ಬಂದವು?

1832ರಲ್ಲಿ ರಾಜನ ಸಹೋದರಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸಪ್ಪ ಕೊಡಗು ಬಿಟ್ಟು ಮೈಸೂರಿನ ರೆಸಿಡೆಂಟನ ಆಸರೆಗೆ ಓಡಿದರು. ಅವರನ್ನು ಒಪ್ಪಿಸಿ ಅಂದ ರಾಜ. ಕಂಪನಿ ಒಪ್ಪಿಸಲಿಲ್ಲ. ಅರಮನೆಯ ದಾಯಾದಿ ಜಗಳ ಕಂಪನಿಯ ದಫ್ತರದಲ್ಲಿ ದೂರಿನ ಕಟ್ಟಾಯಿತು. ಹಿಂದಿನ ವರ್ಷ, 1831ರಲ್ಲಿ, ದುರಾಡಳಿತದ ಹೆಸರು ಹೇಳಿ ಮುಮ್ಮಡಿ ಕೃಷ್ಣರಾಜರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡವರೂ ಇವರೇ. 1834ರ ಏಪ್ರಿಲ್‌ನಲ್ಲಿ ಸೈನ್ಯ ಮಡಿಕೇರಿಗೆ ಬಂತು. ದಿವಾನ ಅಪ್ಪಾರಂಡ ಬೋಪು ಕಂಪನಿಯ ಕಡೆ ಸೇರಿದ. ನಾಯಿ ನೋಡಿಕೊಳ್ಳುವ ಕೆಲಸದಿಂದ ಮೇಲೆ ಬಂದ ಕುಂಟ ಬಸವ ಹೆಣವಾಗಿ ಸಿಕ್ಕ. ಅರಮನೆಯ ಪಾಪವೆಲ್ಲ ಅವನ ತಲೆಗೆ. ಹುಟ್ಟಿನಲ್ಲಿ ಕೆಳಗಿನವನು ಸತ್ತ ಮೇಲೂ ಹೊರೆ ಹೊರಬೇಕು ನೋಡಿ!

ಮೇ 7ರಂದು ಕರ್ನಲ್ ಫ್ರೇಸರ್ ಜಾಹೀರುನಾಮೆ ಹೊರಡಿಸಿದ. ಕೊಡಗಿನ ಜನರೆಲ್ಲ ಒಮ್ಮತದಿಂದ ಬಯಸಿದ್ದರಿಂದ ಈ ಸೀಮೆ ಕಂಪನಿಗೆ ಸೇರಿತು ಅಂತ.

ಒಮ್ಮತ! ಯಾರನ್ನು ಕೇಳಿದರಪ್ಪಾ? ಜಮ್ಮಾ ಗದ್ದೆಯಲ್ಲಿ ಜೀತಕ್ಕಿದ್ದ ಹೊಲೆಯರನ್ನು ಕೇಳಿದರಾ? ಯರವರನ್ನು ಕೇಳಿದರಾ? ಭೂಮಿಯ ಜೊತೆ ಆಳನ್ನೂ ಎಣಿಸುತ್ತಿದ್ದ ಕಾಲ ಅದು. ರಾಜನಿದ್ದಾಗಲೂ ಅವರು ಆಳು, ರಾಜ ಹೋದ ಮರುದಿನವೂ ಆಳು. ಕೋರ್ಟುಗಳು ಜೀತವನ್ನು ಹಕ್ಕೆಂದು ಎತ್ತಿಹಿಡಿಯಬಾರದೆಂಬ ಕಾಯಿದೆ ಬಂದದ್ದು 1843ರಲ್ಲಿ. ಕಾಯಿದೆ ಬಂತು, ಗದ್ದೆ ಬರಲಿಲ್ಲ.

ರಾಜ ಕಾಶಿಗೆ ಗಡೀಪಾರಾದ. 1852ರಲ್ಲಿ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋಗಿ ಕಂಪನಿಯ ಮೇಲೆ ತನ್ನ ಹಣಕ್ಕಾಗಿ ದಾವೆ ಹೂಡಿದ. 1859ರಲ್ಲಿ ಅಲ್ಲೇ ತೀರಿಕೊಂಡ. ಅವನಿಗೆ ಕೋರ್ಟಾದರೂ ಇತ್ತು.

ರಾಜನನ್ನು ಇಳಿಸಿದ ಕಂಪನಿ ತನ್ನ ಸೀಮೆಗಳಲ್ಲಿ ಹೆಂಡ ಸಾರಾಯಿ ಗುತ್ತಿಗೆಗೆ ಕೊಟ್ಟು ಅಬ್ಕಾರಿ ಹಣ ಎಣಿಸುತ್ತಿತ್ತು. ಆ ಲೆಕ್ಕ ಇನ್ನೂ ಮುಗಿದಿಲ್ಲ. 2007ರಲ್ಲಿ ನಮ್ಮ ಸರ್ಕಾರ ಸಾರಾಯಿ ನಿಲ್ಲಿಸಿತು, ಬಾಟಲಿ ನಿಲ್ಲಿಸಲಿಲ್ಲ. ಕೆಂಗೇರಿಯಿಂದ ರಾಜಾಜಿನಗರದವರೆಗೆ ಗಾರೆ ಹೊತ್ತು ಮನೆ ಕಟ್ಟಿದ ನಮ್ಮವರು ಕೂಲಿ ಹೆಚ್ಚು ಕೇಳಿದರೆ ಇಂದಿಗೂ ಬರುವ ಉತ್ತರ ಒಂದೇ: ಕೊಟ್ಟರೆ ಕುಡೀತಾರೆ.

ರಾಜನಿಗೆ ಆ ಹೆಸರಿಟ್ಟು ರಾಜ್ಯ ಕಿತ್ತುಕೊಂಡರು. ನಮಗೆ ಅದೇ ಹೆಸರಿಟ್ಟು ಕೂಲಿ ಮುರಿಯುತ್ತಾರೆ. ಇನ್ನು ಮುಂದೆ ಯಾರಾದರೂ ಒಬ್ಬನನ್ನು ಕುಡುಕ ಅಂದಾಗ, ಗೆಳೆಯರೇ, ಅವನ ಬಾಯಿ ಮೂಸುವ ಮೊದಲು ಅಂದವನ ಕೈಯಲ್ಲಿ ಏನಿದೆ ಅಂತ ನೋಡೋಣ.