ನಿಕಷವಾದ ಸುವರ್ಣ

ಚಿನ್ನದ ಗುಣವನ್ನು ನಿಕಷೋಪಲವು ತಿಳಿಸುವುದೆಂಬುದು ಶಾಸ್ತ್ರಜ್ಞರಿಗೂ ನಮ್ಮ ಚಿಕ್ಕನಾಯಕನಹಳ್ಳಿಯ ಅಕ್ಕಸಾಲಿಗರಿಗೂ ಸಮಾನವಾಗಿ ವಿದಿತವಾದುದು. ಇಪ್ಪತ್ತನೆಯ ಶತಮಾನದಲ್ಲಾದರೋ ಈ ಸಂಬಂಧವು ವಿಪರ್ಯಸ್ತವಾಗಿ, ಚಿನ್ನವೇ ಇತರ ದ್ರವ್ಯಗಳಿಗೆ ಒರೆಗಲ್ಲಾಯಿತು.

ಕ್ರಿ. ಶ. 1902ರಲ್ಲಿ ಅಮೆರಿಕದ ವುಡ್ ಎಂಬವರು, ಒತ್ತಾದ ಗೆರೆಗಳನ್ನು ಕೊರೆದ ಲೋಹಫಲಕದಿಂದ ಹೊಮ್ಮಿದ ಬೆಳಕಿನಲ್ಲಿ ಕಾರಣ ತಿಳಿಯದ ಏರಿಳಿತಗಳನ್ನು ಕಂಡರು. ಲೋಹದ ಮೈಯ ಎಲೆಕ್ಟ್ರಾನುಗಳು ಅಲೆಯಾಗಿ ತೂಗುವುದೇ ಇದಕ್ಕೆ ಮೂಲವೆಂದು ಅನಂತರ ನಿರ್ಣಯವಾಯಿತು. 1968ರಲ್ಲಿ ಆಟೋ ಒಂದು ಬಗೆಯಿಂದಲೂ, ಕ್ರೆಟ್ಶ್‌ಮನ್ ಮತ್ತು ರೇಥರ್ ಇನ್ನೊಂದು ಬಗೆಯಿಂದಲೂ ಗಾಜಿನ ಪಟ್ಟಕದ ಮೂಲಕ ಈ ಅಲೆಯನ್ನೆಬ್ಬಿಸಿದರು. ನಿಯತಕೋನದಲ್ಲಿ ಬಿದ್ದ ಬೆಳಕನ್ನು ಲೋಹವು ನುಂಗುವುದು. ಅದರ ಮೇಲೆ ಅತ್ಯಲ್ಪ ದ್ರವ್ಯವಂಟಿದರೂ ಆ ಕೋನವು ಸರಿಯುವುದು. 1983ರಲ್ಲಿ ಸ್ವೀಡನ್ನಿನ ಲೀಡ್‌ಬರ್ಗ್, ನೈಲಾಂಡರ್, ಲುಂಡ್‌ಸ್ಟ್ರಾಮ್ ಎಂಬವರು ಇದರಿಂದಲೇ ಜೀವದ್ರವ್ಯಗಳನ್ನು ಗುರುತಿಸಿದರು.

ಹಾಗಾದರೆ ಯಾವ ಲೋಹವು ಯೋಗ್ಯ? ಬೆಳ್ಳಿಯಲ್ಲಿ ಬೆಳಕಿನ ಇಳಿತವು ಕಿರಿದಾಗಿರುವುದರಿಂದ ಕೋನದ ಸರಿತವು ಸ್ಪಷ್ಟವಾಗಿ ತೋರುವುದು. ಆದರೆ ಗಾಳಿಯ ಗಂಧಕದಿಂದ ಬೆಳ್ಳಿಯು ಕಪ್ಪಾಗುವುದು. ಚಿನ್ನವು ಕೊಂಚ ಮಂದವಾದರೂ ಕೆಡದು. ಆದುದರಿಂದ ಸುಮಾರು 50 ನ್ಯಾನೊಮೀಟರ್ ದಪ್ಪದ ಚಿನ್ನದ ಹೊದಿಕೆಯೇ ರೂಢಿಗೆ ಬಂದಿತು. ಬೆಳ್ಳಿಗೆ ತೆಳುಚಿನ್ನವನ್ನು ಹೊದಿಸುವುದೂ ಗ್ರಾಫೀನನ್ನು ಹಾಸುವುದೂ ಉಭಯಗುಣಗಳನ್ನು ಕೂಡಿಸುವ ಯತ್ನಗಳು.

1928ರ ಮಾರ್ಚಿ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ಸಿ. ವಿ. ರಾಮನ್ನರು ವಿವರಿಸಿದ ಕ್ಷೀಣಪ್ರಕಾಶವು 1974ರಲ್ಲಿ ಒರಟು ಬೆಳ್ಳಿಯ ಮೇಲೆ ಪ್ರಬಲವಾಗಿ ತೋರಿದುದೂ ಮುಖ್ಯವಾಗಿ ಇಂತಹ ಲೋಹತರಂಗದ ಬಲದಿಂದಲೇ.

ರೋಗಿಯ ರಕ್ತದಲ್ಲಿ ರೋಗದ ಕುರುಹನ್ನರಸುವಲ್ಲಿ ತೀಕ್ಷ್ಣತೆಯೊಂದೇ ಸಾಲದು, ಸ್ಥೈರ್ಯವೂ ಬೇಕು. ತಾನೇ ಮಾಸುವ ಒರೆಗಲ್ಲು ಪರರ ಗುಣವನ್ನು ಹೇಳಲಾರದಷ್ಟೆ.