ಮುಖ, ಮುದ್ರೆ ಮತ್ತು ಸಾಕ್ಷಿ

ಜನಪದ ಕಥೆಗಳಲ್ಲಿ ಮಾರುವೇಷದವನನ್ನು ಬಯಲಿಗೆಳೆಯುವುದು ಕೆಲವೊಮ್ಮೆ ಅನಿರೀಕ್ಷಿತ ಪ್ರಶ್ನೆಯೇ. ಆಡಳಿತವಾದರೋ ದೇಹವನ್ನು ನಂಬಿತು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿ ವಿಲಿಯಂ ಹರ್ಷೆಲ್, ಗುತ್ತಿಗೆದಾರ ರಾಜ್ಯಧರ ಕೋನಾಯಿಯ ಅಂಗೈ ಮುದ್ರೆಯನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡನು. 2010ರಲ್ಲಿ ಆಧಾರ್ ಸಂಖ್ಯೆಗಳ ವಿತರಣೆ ಆರಂಭವಾಯಿತು. 2020ರ ಜನವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ವಿಡಿಯೊ ಮೂಲಕ ಗ್ರಾಹಕರನ್ನು ಗುರುತಿಸಲು ಅನುಮತಿಯಿತ್ತಿತು. ಮೊದಲೇ ಚಿತ್ರಿಸಿಟ್ಟ ದೃಶ್ಯದ ವಂಚನೆಯನ್ನು ತಡೆಯಲು ಪ್ರಶ್ನೆಗಳ ಕ್ರಮ ಬದಲಾಗುತ್ತಿರಬೇಕೆಂದೂ ವಿಧಿಸಿತು.

ಆದರೆ ಡೀಪ್‌ಫೇಕ್ ತಂತ್ರದಿಂದ ವಂಚಕನು ಪರರ ಮುಖವನ್ನು ಧರಿಸಿ ಆ ಕ್ಷಣದಲ್ಲೇ ಉತ್ತರಿಸಬಲ್ಲನು. ಕದ್ದ ಗುಪ್ತಪದವನ್ನು ಬದಲಿಸಬಹುದು, ಮುಖವನ್ನು ಬದಲಿಸಲಾಗದು. ಆದ್ದರಿಂದ ಮುಖವೊಂದೇ ಪ್ರಮಾಣವಾಗದೆ, ದೃಶ್ಯವು ಕ್ಯಾಮೆರಾದಿಂದಲೇ ಬರುತ್ತಿದೆಯೆಂಬ ಖಾತರಿಯೂ ಬೇಕು. ಯಂತ್ರವು ಸಂದೇಹಿಸಿದಾಗ ಬಡವರು ಖಾತೆಯಿಂದ ವಂಚಿತರಾಗದಂತೆ, ಅವರನ್ನು ಬಲ್ಲ ಊರಿನ ಸಾಕ್ಷಿಗೂ ಸ್ಥಾನವಿರಬೇಕು.