ಥಾಣೆಗೆ ಬಂದ ಮೊದಲ ಭಾನುವಾರ

ಡೊಂಬಿವಲಿಯ ಕನ್ನಡಿಗರ ಮನೆಗೆ ಊರಿನಿಂದ ಗೆಳೆಯರು ಬಂದರೆ ಶನಿವಾರ ರಾತ್ರಿ ಊಟದ ಹೊತ್ತಿಗೇ ಪಟ್ಟಿ ತಯಾರಾಗುತ್ತದೆ. ಬೆಳಿಗ್ಗೆ ಗೇಟ್‌ವೇ, ತಾಜ್, ಅಲ್ಲಿಂದ ರಾಣಿಬಾಗ್, ಮಾಟುಂಗದಲ್ಲಿ ಊಟ, ಸಂಜೆ ಚೌಪಾಟಿ. "ಬೊಂಬಾಯಿಗೆ ಬಂದು ಬೊಂಬಾಯಿ ನೋಡದೆ ಹೋಗುವುದುಂಟಾ ಮಾರಾಯ" ಎಂದು ಒಬ್ಬ ಹೇಳುತ್ತಾನೆ. "ಮೊದಲು ಮೆಗಾ ಬ್ಲಾಕ್ ಯಾವ ಲೈನಿನಲ್ಲಿ ನೋಡು" ಎಂದು ಇನ್ನೊಬ್ಬ. ವಾರವಿಡೀ ಉಸಿರುಗಟ್ಟಿ ಓಡುವ ಲೋಕಲ್ ರೈಲಿನ ಹಳಿ ರಿಪೇರಿಗೂ ಸಿಗುವ ದಿನ ಭಾನುವಾರವೇ. ಹಾಗಾಗಿ ಜನ ಹೊರಡುವ ಹೊತ್ತಿಗೆ ಸರಿಯಾಗಿ ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಇಳಿದಿರುತ್ತವೆ. ಮನೆಯವರ ಹತ್ತಿರ ತಿಂಗಳ ಪಾಸು ಇರುತ್ತದೆ, ಭಾನುವಾರದ ತಿರುಗಾಟಕ್ಕೂ ಅದೇ ನಡೆಯುತ್ತದೆ. ರಿಟರ್ನ್ ಟಿಕೆಟ್ ಬೇಕಾಗುವುದು ಊರಿನವರಿಗೆ ಮಾತ್ರ.

ಥಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯ ಯಾವ ಮನೆಯಿಂದ ಹೊರಟರೂ ದಾರಿ ಒಂದೇ ಕಡೆಗೆ: ದಕ್ಷಿಣಕ್ಕೆ, ಸಮುದ್ರದ ಕಡೆಗೆ. ಈ ತಿರುಗಾಟ ಶುರುವಾದದ್ದು ಮಾತ್ರ ಎದುರು ದಿಕ್ಕಿನಲ್ಲಿ.

1853ರ ಏಪ್ರಿಲ್ 16, ಶನಿವಾರ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಬೋರಿ ಬಂದರಿನಿಂದ ಹದಿನಾಲ್ಕು ಬೋಗಿಗಳ ಗಾಡಿಯೊಂದು ಹೊರಟಿತು. ಅದನ್ನು ಎಳೆಯಲು ಮೂರು ಎಂಜಿನ್: ಸಾಹಿಬ್, ಸಿಂಧ್, ಸುಲ್ತಾನ್. ಒಳಗೆ ಸುಮಾರು 400 ಆಹ್ವಾನಿತರು, ಹೊರಗೆ 21 ತೋಪುಗಳ ಗೌರವ. ಹಳಿಯುದ್ದಕ್ಕೂ ನಿಂತಿದ್ದ ಜನರಿಗೆ ಅದೊಂದು ಜಾತ್ರೆ. ಭಾರತದ ಮೊದಲ ಪ್ರಯಾಣಿಕರ ರೈಲು ಅದು, ಸೇರಬೇಕಾದ ಊರು 34 ಕಿಲೋಮೀಟರ್ ದೂರದ ಥಾಣೆ. ಮುಟ್ಟಲು ಹಿಡಿದದ್ದು ಹೆಚ್ಚುಕಡಿಮೆ ಒಂದು ಗಂಟೆ. ಇವತ್ತಿನ ಸ್ಲೋ ಲೋಕಲ್ ಹಿಡಿಯುವ ಹೊತ್ತೂ ಸುಮಾರು ಅಷ್ಟೇ ಎಂದರೆ ರೈಲ್ವೆಯವರು ಬೇಸರ ಮಾಡಿಕೊಳ್ಳಬಾರದು. ಆಗ ನಡುವೆ ಇಷ್ಟೊಂದು ಸ್ಟೇಷನ್ನುಗಳಿರಲಿಲ್ಲ.

ಆ 400 ಜನರಲ್ಲಿ ಯಾರಿಗೂ ಥಾಣೆಯಲ್ಲಿ ಕೆಲಸವಿರಲಿಲ್ಲ. ಡೇರೆಯಲ್ಲಿ ಉಪಾಹಾರ ಮುಗಿಸಿ, ಭಾಷಣ ಕೇಳಿ, ಸಂಜೆ ಅದೇ ಗಾಡಿಯಲ್ಲಿ ವಾಪಸಾದರು. ಮರುದಿನ ನಡೆದದ್ದು ಇನ್ನೂ ಸೊಗಸು. ಪಾರ್ಸಿ ವರ್ತಕ ಸರ್ ಜಮ್‌ಶೇಟ್‌ಜಿ ಜೀಜೀಭಾಯಿ ಇಡೀ ಗಾಡಿಯನ್ನೇ ಬಾಡಿಗೆಗೆ ಹಿಡಿದು ಮನೆಯವರು, ಸ್ನೇಹಿತರನ್ನೆಲ್ಲ ಕೂರಿಸಿಕೊಂಡು ಥಾಣೆಗೆ ಹೋಗಿ ಬಂದರು. ಏಪ್ರಿಲ್ 17, ಭಾನುವಾರ. ವಾರದ ಕೊನೆಗೆ ಗೆಳೆಯರ ಜೊತೆ ರೈಲು ಹತ್ತಿ ಸುತ್ತಾಡುವ ಪದ್ಧತಿಗೆ ಈ ದೇಶದಲ್ಲಿ ಹುಟ್ಟಿದ ದಿನ ಗುರುತಿಸುವುದಾದರೆ ಇದಕ್ಕಿಂತ ಒಳ್ಳೆಯದು ಸಿಗಲಾರದು. ಬೊಂಬಾಯಿಯವರು ಥಾಣೆ ನೋಡಲು ಬಂದ ದಿನ ಅದು.

ಮರುವರ್ಷ, 1854ರ ಮೇ 1ರಂದು, ಹಳಿ ಖಾಡಿ ದಾಟಿ ಕಲ್ಯಾಣಕ್ಕೆ ಬಂತು. ನಡುವೆ ಬಿದ್ದ ಡೊಂಬಿವಲಿ ಆಗ ಹಳ್ಳಿ. ಅಲ್ಲಿ ಗಾಡಿ ನಿಲ್ಲಲು 1886ರವರೆಗೆ ಕಾಯಬೇಕಾಯಿತು.

ಆದರೆ ರೈಲಿದ್ದರೆ ಸಾಲದು, ರಜೆಯೂ ಬೇಕಲ್ಲ. ಜೀಜೀಭಾಯಿಯವರಿಗೆ ಯಾವ ದಿನವಾದರೂ ಭಾನುವಾರವೇ. ಗಿರಣಿಯ ಕೂಲಿಗೆ ವಾರದ ಏಳೂ ದಿನ ಸೋಮವಾರ. ಸೂರ್ಯ ಹುಟ್ಟಿದಾಗ ಒಳಗೆ ಹೋದರೆ ಮುಳುಗಿದಾಗ ಹೊರಗೆ. ಇದನ್ನು ಬದಲಿಸಿದವರಲ್ಲಿ ಮೊದಲ ಹೆಸರು ನಾರಾಯಣ ಮೇಘಾಜಿ ಲೋಖಂಡೆಯವರದು. 1848ರಲ್ಲಿ ಹುಟ್ಟಿದವರು, ಹುಟ್ಟಿದ ಊರು ಥಾಣೆ. ಜ್ಯೋತಿರಾವ್ ಫುಲೆಯವರ ಸಂಗಾತಿ, 'ದೀನಬಂಧು' ಪತ್ರಿಕೆಯ ಸಂಪಾದಕ. ಗಿರಣಿಯೊಂದರಲ್ಲಿ ಉಗ್ರಾಣ ನೋಡಿಕೊಂಡಿದ್ದಾಗ ಕೂಲಿಗಳ ಪಾಡನ್ನು ಹತ್ತಿರದಿಂದ ಕಂಡವರು. 1884ರಲ್ಲಿ ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್ ಕಟ್ಟಿ, ಸುಮಾರು 5,500 ಕಾರ್ಮಿಕರ ಸಹಿಯೊಡನೆ ಮನವಿ ಕೊಟ್ಟರು. ವಾರಕ್ಕೊಂದು ರಜೆ, ಅದೂ ಭಾನುವಾರ, ಎಂಬುದು ಮುಖ್ಯ ಬೇಡಿಕೆ. ಭಾನುವಾರವೇ ಯಾಕೆ? ಸಾಹೇಬರ ಇಗರ್ಜಿಯ ದಿನ ಅದು ಎಂಬುದು ಅರ್ಧ ಉತ್ತರ. ಕೂಲಿಗಳ ಮನೆದೇವರು ಜೇಜುರಿಯ ಖಂಡೋಬನ ವಾರವೂ ಅದೇ.

ಮಾಲೀಕರು ಆರು ವರ್ಷ ಕಿವಿಗೊಡಲಿಲ್ಲ. 1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿಯ ಬಯಲಿನಲ್ಲಿ ಹತ್ತು ಸಾವಿರ ಕಾರ್ಮಿಕರು ಸೇರಿದರು. ಇಬ್ಬರು ಹೆಣ್ಣುಮಕ್ಕಳು ಎದ್ದು ಮಾತಾಡಿದರು. ಆ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ. ಜೂನ್ 10ರಂದು ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಲೋಖಂಡೆ ಅದನ್ನು ಬಹಳ ವರ್ಷ ಅನುಭವಿಸಲಿಲ್ಲ, 1897ರಲ್ಲಿ ಪ್ಲೇಗಿಗೆ ತುತ್ತಾದರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಥಾಣೆಯ ಮಸುಂದಾ ಕೆರೆಯ ದಂಡೆಯಲ್ಲಿ ಹಾಯಾಗಿ ಕೂತವರಿಗೆ ಆ ಬಿಡುವು ತಮ್ಮ ಊರಿನವನೇ ಗಳಿಸಿಕೊಟ್ಟದ್ದು ಎಂದು ಗೊತ್ತಿದ್ದರೆ ಚೆನ್ನಾಗಿತ್ತು.

ಕನ್ನಡಿಗರ ಪಾಲಿಗೆ ಈ ಕತೆಗೊಂದು ತಿರುವಿದೆ. ಬೊಂಬಾಯಿಗೆ ಬಂದ ಕರಾವಳಿಯ ಹುಡುಗರಲ್ಲಿ ಬಹಳ ಮಂದಿ ಸೇರಿದ್ದು ಗಿರಣಿಗಲ್ಲ, ಹೋಟೆಲಿಗೆ. ಊರೆಲ್ಲ ತಿರುಗಾಡುವ ಭಾನುವಾರವೇ ಹೋಟೆಲಿನಲ್ಲಿ ಗಿರಾಕಿ ಹೆಚ್ಚು. 1948ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ವಾರಕ್ಕೊಂದು ರಜೆ ಎಂದಿತು. ಅದು ಭಾನುವಾರವೇ ಆಗಬೇಕೆಂದೇನೂ ಇರಲಿಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೆಲಸ ಹುಡುಕಿಕೊಂಡು ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿ ರಾತ್ರಿ ಕಳೆದು, ಮುಂದೆ ಹೋಟೆಲ್ ಕಾರ್ಮಿಕರನ್ನು ಸಂಘಟಿಸಿದ್ದು ಆ ಹೊತ್ತಿನಲ್ಲೇ. ಚೌಪಾಟಿ ಎಲ್ಲರಿಗೂ ನೋಡುವ ಜಾಗವಾಗಿರಲಿಲ್ಲ.

ಮಾಟುಂಗ ಸ್ಟೇಷನ್ನಿನ ಪಕ್ಕದಲ್ಲಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಮನೆಯಿಂದ ದೂರವಿದ್ದ ಗುಮಾಸ್ತರ, ವಿದ್ಯಾರ್ಥಿಗಳ ಹೊಟ್ಟೆಗೆಂದು ಶುರುವಾದ ಬಾಳೆಯೆಲೆಯ ಊಟ ಈಗ ತಾನೇ ಒಂದು ಪ್ರೇಕ್ಷಣೀಯ ಸ್ಥಳ. ಭಾನುವಾರ ಮಧ್ಯಾಹ್ನ ಸರದಿಯಲ್ಲಿ ನಿಂತವರಲ್ಲಿ ಗುಜರಾತಿ, ಮರಾಠಿ, ಸಿಂಧಿ ಎಲ್ಲ ಕೇಳಿಸುತ್ತದೆ. ಊರಿನಿಂದ ಬಂದ ಗೆಳೆಯ ಮಾತ್ರ "ಸಾರು ತಿನ್ನಲಿಕ್ಕೆ ಇಷ್ಟು ದೂರ ಬರಬೇಕಿತ್ತಾ" ಎಂದು ಗೊಣಗುತ್ತಾನೆ.

ನೋಡಬೇಕಾದ ಜಾಗಗಳ ಪಟ್ಟಿಯೂ ಮೊದಲಿನಿಂದ ಇದೇ ಇರಲಿಲ್ಲ. ಗೋವಿಂದ ನಾರಾಯಣ ಮಾಡಗಾಂವಕರ್ 1863ರಲ್ಲಿ 'ಮುಂಬೈಚೆ ವರ್ಣನ್' ಎಂಬ ಮರಾಠಿ ಪುಸ್ತಕ ಪ್ರಕಟಿಸಿದಾಗ ಗೇಟ್‌ವೇ ಇರಲಿಲ್ಲ, ತಾಜ್ ಇರಲಿಲ್ಲ, ವಿ.ಟಿ. ಸ್ಟೇಷನ್ನಿನ ಕಟ್ಟಡವೂ ಇರಲಿಲ್ಲ. ವಿ.ಟಿ.ಯ ಕೆಲಸ ಶುರುವಾದದ್ದು 1878ರಲ್ಲಿ. ತಾಜ್ ತೆರೆದದ್ದು 1903ರಲ್ಲಿ, ಗೇಟ್‌ವೇ ಉದ್ಘಾಟನೆಯಾದದ್ದು 1924ರ ಡಿಸೆಂಬರ್ 4ರಂದು. ಜೋಡಿಯಾಗಿ ಫೋಟೋಕ್ಕೆ ನಿಲ್ಲುವ ಇವೆರಡರಲ್ಲಿ ಹೋಟೆಲೇ ಹಿರಿಯದು.

ರಾಣಿಬಾಗಿಗೆ ಹೋದವರು ಪೆಂಗ್ವಿನ್ ನೋಡಿ ಹೊರಟುಬಿಡುತ್ತಾರೆ. ಪಕ್ಕದ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಬಳಿ ಬಯಲಿನಲ್ಲಿ ಒಂದು ಕರಿಕಲ್ಲಿನ ಆನೆ ನಿಂತಿದೆ. ಹತ್ತಿರ ಹೋದರೆ ಮೈಮೇಲೆ ಬೆಸುಗೆಯ ಗೀರುಗಳು ಕಾಣುತ್ತವೆ. ನವಿ ಮುಂಬಯಿಯ ಎದುರಿನ ಘಾರಾಪುರಿ ದ್ವೀಪದ ದಂಡೆಯಲ್ಲಿ ನಿಂತಿದ್ದ ಆನೆ ಅದು. ಅದನ್ನು ಕಂಡೇ ಪೋರ್ಚುಗೀಸರು ದ್ವೀಪವನ್ನು ಎಲಿಫೆಂಟಾ ಎಂದು ಕರೆದದ್ದು. 1814ರಲ್ಲಿ ಅದರ ತಲೆ ಕಳಚಿ ಬಿತ್ತು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸುವ ಯತ್ನ ಕೆಟ್ಟು, ಒಡೆದ ಚೂರುಗಳು ರಾಣಿಬಾಗಿಗೆ ಬಂದವು. 1914ರಲ್ಲಿ ಜೋಡಿಸಿ ನಿಲ್ಲಿಸಿದರು. ಹೀಗಾಗಿ ಎಲಿಫೆಂಟಾದಲ್ಲಿ ಆ ಆನೆಯಿಲ್ಲ. ಸೋಮವಾರ ರಜೆ ಸಿಗುವ ಹೋಟೆಲಿನವರಿಗಂತೂ ಎಲಿಫೆಂಟಾವೇ ಇಲ್ಲ, ಆ ದಿನ ಗುಹೆಗಳ ಬಾಗಿಲು ಮುಚ್ಚಿರುತ್ತದೆ.

'ವೀಕೆಂಡ್' ಎಂಬ ಎರಡು ದಿನದ ಸುಖವಂತೂ ಈಚಿನದು. ಕೇಂದ್ರ ಸರ್ಕಾರದ ಕಚೇರಿಗಳಿಗೆ ಐದು ದಿನದ ವಾರ 1985ರಲ್ಲಿ ಬಂತು. ಕರಾವಳಿಯವರು ತುಂಬಿದ್ದ ಬ್ಯಾಂಕುಗಳಿಗೆ ಎರಡನೇ, ನಾಲ್ಕನೇ ಶನಿವಾರದ ರಜೆ ಸಿಕ್ಕಿದ್ದು 2015ರ ಸೆಪ್ಟೆಂಬರಿನಿಂದ. ಮಹಾರಾಷ್ಟ್ರ ಸರ್ಕಾರದ ನೌಕರರಿಗೆ 2020ರಲ್ಲಿ. ಅಷ್ಟರಲ್ಲಿ ದಾರಿಗಳೂ ಬದಲಾಗಿದ್ದವು. 1992ರಲ್ಲಿ ಲೋಕಲ್ ಖಾಡಿ ದಾಟಿ ವಾಶಿಗೆ ಹೋಯಿತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಮಂಗಳೂರು, ಉಡುಪಿಯವರು ಮತ್ಸ್ಯಗಂಧಾದಲ್ಲಿ ಬಂದು ಪನ್ವೇಲಿನಲ್ಲೋ ಥಾಣೆಯಲ್ಲೋ ಇಳಿಯತೊಡಗಿದರು. ಬೊಂಬಾಯಿಗೆಂದು ಬಂದ ಅವರಲ್ಲಿ ಎಷ್ಟೋ ಮಂದಿ ಮೊದಲು ಕಾಲಿಡುವುದೇ ಈಗ ಥಾಣೆಯ ಪ್ಲಾಟ್‌ಫಾರ್ಮಿನಲ್ಲಿ.

ಇಳಿದವರು ಪಶ್ಚಿಮಕ್ಕೆ ತಲೆಯೆತ್ತಿದರೆ ಕಾಣುವುದು ಯೇವೂರ್ ಗುಡ್ಡ. ಅದರಾಚೆ, ಅದೇ ಕಾಡಿನ ಬೊರಿವಲಿ ಬದಿಯಲ್ಲಿ, ಕನ್ಹೇರಿಯ ಬೌದ್ಧ ಗುಹೆಗಳಿವೆ. ಅಲ್ಲಿನ ಒಂಬತ್ತನೇ ಶತಮಾನದ ಸಂಸ್ಕೃತ ಶಾಸನಗಳು ಉತ್ತರ ಕೊಂಕಣದ ಶಿಲಾಹಾರರ ಕಾಲದವು. ಅವರ ಚಕ್ರವರ್ತಿಯೆಂದು ಅವು ಹೆಸರಿಸುವುದು ಮಾನ್ಯಖೇಟದ ಅಮೋಘವರ್ಷನನ್ನು, ಎಂದರೆ 'ಕವಿರಾಜಮಾರ್ಗ'ದ ನೃಪತುಂಗನನ್ನು. ಬೊಂಬಾಯಿ ಎಂಬ ಶಹರ ಹುಟ್ಟುವ ಎಷ್ಟೋ ಶತಮಾನ ಮೊದಲೇ ಕನ್ನಡದ ದೊರೆಯ ಹೆಸರು ಈ ಗುಡ್ಡದ ಕಲ್ಲಿನಲ್ಲಿ ಕೂತಿತ್ತು. ಭಾನುವಾರದ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಗುವುದು ಅಪರೂಪ. ಕಲ್ಯಾಣವೂ ಹೊಸ ಊರಲ್ಲ. ಬಸವಕಲ್ಯಾಣದ ಜೊತೆ ಗೊಂದಲ ಬೇಡ, ಇದು ಮೊದಲ ಶತಮಾನದ ಗ್ರೀಕ್ ನಾವಿಕರ ಪುಸ್ತಕದಲ್ಲೇ ಬಂದರೆಂದು ಹೆಸರು ಪಡೆದದ್ದು.

ಪಟ್ಟಿಯನ್ನು ಒಮ್ಮೆ ತಿರುಗಿಸಿ ನೋಡಬಹುದು. ಮುಂದಿನ ಬಾರಿ ಗೆಳೆಯರು ಬಂದಾಗ ವಿ.ಟಿ. ಕಡೆಯ ಗಾಡಿ ಬಿಟ್ಟು ಕರ್ಜತ್ ಕಡೆಯದನ್ನು ಹತ್ತಿ. ಕಲ್ಯಾಣ ದಾಟಿದ ಮೇಲೆ ಮೂರನೇ ಸ್ಟೇಷನ್ ಅಂಬರನಾಥ. ಪೂರ್ವಕ್ಕೆ ಇಳಿದರೆ ರಿಕ್ಷಾ ಸಿಗುತ್ತದೆ. ಶಿಲಾಹಾರ ಮುಮ್ಮುಣಿಯ ಕಾಲದ, ಶಕ 982ರ, ಎಂದರೆ ಕ್ರಿ.ಶ. 1060ರ ಶಾಸನವಿರುವ ಶಿವಾಲಯ ಅಲ್ಲಿದೆ. ಗರ್ಭಗುಡಿ ನೆಲಮಟ್ಟಕ್ಕಿಂತ ಕೆಳಗಿದೆ, ಮೆಟ್ಟಿಲು ನೋಡಿಕೊಂಡು ಇಳಿಯಿರಿ.